ಕಾಲಕ್ಕೆ ಮುನ್ನ ಕಾಲೇಜು

ವಿದ್ಯೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಬೇಕೆಂಬುದು ನಿಜ. ಆದರೆ ಎಲ್ಲರ ಹೆಜ್ಜೆಯೂ ಒಂದೇ ಅಳತೆಯದಲ್ಲ. ತರಗತಿಯ ಪಾಠವನ್ನು ಬೇಗನೆ ಅರಗಿಸಿಕೊಂಡು ಮುಂದಿನದಕ್ಕೆ ಹಸಿದು ಕುಳಿತ ವಿದ್ಯಾರ್ಥಿಗಳು ಯಾವ ಶಾಲೆಯಲ್ಲಿ ತಾನೆ ಇಲ್ಲ? ಅಂಥವರಿಗೆ ಶಾಲೆಯಲ್ಲಿರುವಾಗಲೇ ಕಾಲೇಜಿನ ಬಾಗಿಲನ್ನು ತೆರೆಯುವುದು ಉಚಿತವೆ?

ಈ ಹಸಿವು ಎಂಥದೆಂಬುದಕ್ಕೆ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಬಾಲ್ಯವೇ ಸಾಕ್ಷಿ. ಕುಂಭಕೋಣದ ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ, 1903ರ ಸುಮಾರಿಗೆ, ಕಾರ್ ಎಂಬಾತ ರಚಿಸಿದ ಉನ್ನತ ಗಣಿತದ ಗ್ರಂಥವೊಂದು ಅವರ ಕೈಸೇರಿತು. ಸಾವಿರಾರು ಸೂತ್ರಗಳ ಆ ಗ್ರಂಥದಲ್ಲಿ ವಿವರಣೆ ಬಹಳ ಕಡಿಮೆ. ಬಾಲಕನು ಸೂತ್ರಗಳನ್ನು ತಾನೇ ಸಾಧಿಸತೊಡಗಿದನು. 1904ರಲ್ಲಿ ವಿದ್ಯಾರ್ಥಿವೇತನದೊಡನೆ ಕಾಲೇಜನ್ನು ಸೇರಿದನಾದರೂ, ಗಣಿತವನ್ನುಳಿದು ಬೇರೆ ವಿಷಯಗಳಲ್ಲಿ ಮನಸ್ಸು ನಿಲ್ಲದೆ ಆ ವೇತನವನ್ನು ಕಳೆದುಕೊಂಡನು. ಕೇಂಬ್ರಿಜ್ ಅವರನ್ನು ಬರಮಾಡಿಕೊಂಡುದು 1914ರಲ್ಲಿ. ನಡುವಣ ಹತ್ತು ವರ್ಷಗಳ ಬವಣೆ ಹಸಿವಿನ ದೋಷವಲ್ಲ. ಹಸಿವನ್ನರಿತು ಉಣಬಡಿಸುವ ವ್ಯವಸ್ಥೆಯಿಲ್ಲದುದರ ದೋಷ.

ಅಂತಹ ವ್ಯವಸ್ಥೆಯನ್ನು ಅಮೆರಿಕದ ಮಿನ್ನೆಸೋಟ ರಾಜ್ಯವು 1985ರಲ್ಲಿ ಶಾಸನದ ಮೂಲಕ ರೂಪಿಸಿತು. ಅಲ್ಲಿ ಪ್ರೌಢಶಾಲೆಯ ವ್ಯಾಸಂಗ ಹನ್ನೆರಡನೆಯ ತರಗತಿಯವರೆಗೆ ಸಾಗುತ್ತದೆ. ಕೊನೆಯ ಎರಡು ವರ್ಷಗಳ ವಿದ್ಯಾರ್ಥಿಗಳು, ಕಾಲೇಜು ಒಪ್ಪಿದರೆ, ಅಲ್ಲಿಯ ಪಾಠಗಳಿಗೆ ಸೇರಬಹುದು. ಉತ್ತೀರ್ಣವಾದ ವಿಷಯ ಶಾಲೆಯ ಲೆಕ್ಕಕ್ಕೂ ಕಾಲೇಜಿನ ಲೆಕ್ಕಕ್ಕೂ ಸಲ್ಲುತ್ತದೆ. ಬೋಧನ ಶುಲ್ಕವನ್ನಾಗಲಿ ಪಠ್ಯಪುಸ್ತಕಗಳ ಬೆಲೆಯನ್ನಾಗಲಿ ವಿದ್ಯಾರ್ಥಿಯು ತೆರಬೇಕಾಗಿಲ್ಲ. ಇದೇ ಈ ಯೋಜನೆಯ ಜೀವಾಳ. ಕಾಲೇಜು ವ್ಯಾಸಂಗ ಬಹು ದುಬಾರಿಯಾದ ಆ ದೇಶದಲ್ಲಿ, ತಂದೆತಾಯಿಗಳು ಕಾಲೇಜಿನ ಮುಖವನ್ನೇ ಕಾಣದ ಮನೆಯ ಮಗಳೂ ಸಾಲದ ಹೊರೆಯಿಲ್ಲದೆ ತನ್ನ ಶಕ್ತಿಯನ್ನು ಪರೀಕ್ಷಿಸಿಕೊಳ್ಳಬಲ್ಲಳು.

ಆದರೂ ಎಚ್ಚರ ಬೇಕು. ಕಾಲೇಜಿನಲ್ಲಿ ಪಡೆದ ದರ್ಜೆ ಶಾಶ್ವತ ದಾಖಲೆಗೆ ಸೇರುತ್ತದೆ. ಹದಿನಾರರಲ್ಲಿ ಎಡವಿದುದು ಇಪ್ಪತ್ತರಲ್ಲಿಯೂ ಕಾಡೀತು. ಉಳಿಯುವ ವರ್ಷವನ್ನೂ ಹಣವನ್ನೂ ಮಾತ್ರ ಎಣಿಸಿ ಮಕ್ಕಳನ್ನು ಮುಂದಕ್ಕೆ ನೂಕುವ ಪೋಷಕರು, ಆಟದ ಬಯಲು, ಚರ್ಚಾಕೂಟ, ಓರಗೆಯ ಗೆಳೆತನಗಳೂ ಶಿಕ್ಷಣವೇ ಎಂಬುದನ್ನು ಮರೆಯುತ್ತಾರೆ. ಎಳೆಗಾಯನ್ನು ಹಿಸುಕಿದರೆ ಅದು ಹಣ್ಣಾಗದು. ಆದರೆ ಮಾಗಿದ ಹಣ್ಣನ್ನು ಕೀಳದೆ ಬಿಡುವುದೂ ವಿವೇಕವಲ್ಲ.

ಇಂದು ಭಾರತದಲ್ಲಿಯೂ ‘ಸ್ವಯಂ’ ಜಾಲತಾಣದ ಮೂಲಕ ಹಳ್ಳಿಯ ವಿದ್ಯಾರ್ಥಿ ಕಾಲೇಜಿನ ಉಪನ್ಯಾಸಗಳನ್ನು ಶುಲ್ಕವಿಲ್ಲದೆ ಕೇಳಬಹುದು. ಪಾಠ ಸುಲಭವಾಗಿ ದೊರೆಯುವ ಕಾಲ ಬಂದಿದೆ. ವಿದ್ಯಾರ್ಥಿಯ ಹಸಿವನ್ನು ಗುರುತಿಸಿ, ಯಾವಾಗ ಮುನ್ನಡೆಯಬೇಕು, ಯಾವಾಗ ತಡೆಯಬೇಕು ಎಂದು ಹೇಳಬಲ್ಲ ಗುರುವೂ ದೊರೆತಾಗಲೇ ಆ ಬಾಗಿಲು ತೆರೆದುದು ಸಾರ್ಥಕ.