ಮೆದುಳಿನ ಆಕ್ಸಿಜನ್: ಅಳೆದು ಏರಿಸಬೇಕೇ, ಇಳಿಯದಂತೆ ಕಾದರೆ ಸಾಕೇ?

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಬಿಎಲ್‌ಡಿಇ ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ತಿಕೋಟಾ, ಬಬಲೇಶ್ವರದ ಕಡೆ ಯಾರಾದರೂ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದರೆ ಮನೆಮಂದಿ ಓಡಿ ಬರುವುದು ಈ ನಗರಕ್ಕೇ. ಯಾವುದೇ ಆಸ್ಪತ್ರೆಯ ತುರ್ತು ವಿಭಾಗದ ಹೊರಗೆ ಕೇಳಿಬರುವ ಸಮಾಧಾನದ ಮಾತೊಂದಿದೆ: “ಆಕ್ಸಿಜನ್ ಹಚ್ಚ್ಯಾರ, ಇನ್ನ ಚಿಂತಿ ಬ್ಯಾಡ ಬಿಡು.” ಆದರೆ ಬೆರಳಿನ ಕ್ಲಿಪ್ 98 ತೋರಿಸುತ್ತಿದ್ದರೂ ಮೆದುಳಿಗೆ ಆಕ್ಸಿಜನ್ ಸಾಲದೇ ಇರಬಹುದು. ಪೆಟ್ಟಿನಿಂದ ಮೆದುಳು ಊದಿಕೊಂಡರೆ ಬುರುಡೆಯೊಳಗೆ ಒತ್ತಡ ಏರಿ, ರಕ್ತ ಒಳಗೆ ಹರಿಯುವುದೇ ಕಷ್ಟವಾಗುತ್ತದೆ.

ಹಾಗಾದರೆ ಮೆದುಳಿನೊಳಗೇ ಅಳೆಯೋಣ ಎನ್ನುತ್ತದೆ ಒಂದು ಪಕ್ಷ. ಬುರುಡೆಗೆ ಸಣ್ಣ ರಂಧ್ರ ಕೊರೆದು ತೆಳುವಾದ ತಂತಿ ಇಳಿಸುತ್ತಾರೆ. ಅಲ್ಲಿನ ಆಕ್ಸಿಜನ್ ಒತ್ತಡ ಪಾದರಸದ 20 ಮಿಲಿಮೀಟರ್‌ಗಿಂತ ಕೆಳಗಿಳಿದರೆ ಬೀಪಿ ಏರಿಸುವುದು, ರಕ್ತ ಕೊಡುವುದು, ವೆಂಟಿಲೇಟರಿನ ಆಕ್ಸಿಜನ್ ಹೆಚ್ಚಿಸುವುದು, ಹೀಗೆ ಒಂದೊಂದೇ ಹೆಜ್ಜೆ. ಅಮೆರಿಕದಲ್ಲಿ 119 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಬೂಸ್ಟ್-2 ಅಧ್ಯಯನದಲ್ಲಿ, ಈ ಕ್ರಮದಿಂದ ಮೆದುಳು ಆಕ್ಸಿಜನ್ ಕೊರತೆ ಅನುಭವಿಸುವ ಅವಧಿ ಗಣನೀಯವಾಗಿ ತಗ್ಗಿತು. ಸಾವೂ ತುಸು ಕಡಿಮೆಯಿತ್ತು, ಆದರೆ ಅದನ್ನು ಖಚಿತವೆನ್ನುವಷ್ಟು ರೋಗಿಗಳು ಆ ಅಧ್ಯಯನದಲ್ಲಿರಲಿಲ್ಲ.

ಇನ್ನೊಂದು ಪಕ್ಷದ ಪ್ರಶ್ನೆ ನೇರವಾಗಿದೆ: ಅಂಕಿ ಸುಧಾರಿಸಿತು ಸರಿ, ರೋಗಿ ಸುಧಾರಿಸಿದನೇ? 2023ರಲ್ಲಿ ಪ್ರಕಟವಾದ ಫ್ರಾನ್ಸ್‌ನ ಆಕ್ಸಿ-ಟಿಸಿ ಅಧ್ಯಯನ 318 ರೋಗಿಗಳನ್ನು ನೋಡಿತು. ಬುರುಡೆಯೊಳಗಿನ ಒತ್ತಡವನ್ನಷ್ಟೇ ಅಳೆದವರಿಗೂ ಜೊತೆಗೆ ಆಕ್ಸಿಜನ್ ಅಳೆದವರಿಗೂ ಆರು ತಿಂಗಳ ನಂತರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಂತಿ ತಿಳಿಸುವುದು ತನ್ನ ತುದಿಯ ಸುತ್ತಲಿನ ಕೆಲವೇ ಮಿಲಿಮೀಟರ್ ಜಾಗದ ಸ್ಥಿತಿಯನ್ನು ಮಾತ್ರ. ರಕ್ತಸ್ರಾವದ ಅಪಾಯ ಬೇರೆ. ಅಂಕಿಯ ಬೆನ್ನುಹತ್ತಿ ಅತಿಯಾಗಿ ಆಕ್ಸಿಜನ್ ಕೊಟ್ಟರೆ ಶ್ವಾಸಕೋಶಕ್ಕೂ ಹಾನಿ.

ಈ ವಾದದ ನಡುವೆ ಇಬ್ಬರೂ ಒಪ್ಪುವ ವಿಷಯ ಒಂದಿದೆ: ಮೊದಲ ಗಂಟೆಗಳ ಆರೈಕೆ. ತೀವ್ರ ಪೆಟ್ಟಾದಾಗ ಮೇಲಿನ ಬೀಪಿ 90ಕ್ಕಿಂತ ಇಳಿದರೆ ಸಾವಿನ ಅಪಾಯ ಸುಮಾರು ಇಮ್ಮಡಿ ಎಂಬುದು 1993ರಿಂದಲೇ ಗೊತ್ತು. ಗಾಬರಿಯಲ್ಲಿ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗನ್ನು ಬಡಬಡ ಒತ್ತುವುದನ್ನೇ ನೋಡಿ. ಉಸಿರು ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಅನ್ನಿಸುತ್ತದೆ. ಆದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು, ಮೆದುಳಿನ ರಕ್ತನಾಳಗಳು ಕಿರಿದಾಗಿ, ಆಕ್ಸಿಜನ್ ಮತ್ತೂ ಕಡಿಮೆ ತಲುಪುತ್ತದೆ. ಆಕ್ಸಿಜನ್ ಕೊರತೆ, ಬೀಪಿ ಕುಸಿತ, ಅತಿವೇಗದ ಉಸಿರು ಈ ಮೂರನ್ನು ತಡೆಯಲು ಅರಿಜೋನಾದಲ್ಲಿ ಆಂಬುಲೆನ್ಸ್ ಸಿಬ್ಬಂದಿಗೆ ತರಬೇತಿ ಕೊಟ್ಟರು. 2019ರ ವರದಿಯಂತೆ ಒಟ್ಟು ರೋಗಿಗಳಲ್ಲಿ ದೊಡ್ಡ ಬದಲಾವಣೆ ಕಾಣದಿದ್ದರೂ, ತೀವ್ರ ಪೆಟ್ಟಿನವರು ಬದುಕುಳಿಯುವ ಸಾಧ್ಯತೆ ಇಮ್ಮಡಿಯಾಯಿತು.

ಹಾಗೆಂದು ತಂತಿ ದಂಡವೆನ್ನಲಾಗದು. ಸ್ಕ್ಯಾನ್, ಶಸ್ತ್ರಚಿಕಿತ್ಸೆ, ಹಗಲಿರುಳು ಕಾಯುವ ನರ್ಸ್‌ಗಳು ಎಲ್ಲ ಇರುವ ದೊಡ್ಡ ಐಸಿಯುವಿನಲ್ಲಿ ಅದು ಹೊರಗೆ ಕಾಣದ ಕೊರತೆಯನ್ನು ತೋರಿಸಿಕೊಡಬಲ್ಲದು. ಆದರೆ ಬೆಂಗಳೂರಿನ ನಿಮ್ಹಾನ್ಸ್ ಇಲ್ಲಿಂದ 500 ಕಿಲೋಮೀಟರ್‌ಗೂ ದೂರ. ಅಷ್ಟು ದೂರದ ಜಿಲ್ಲೆಯಲ್ಲಿ ಹಣ ಮೊದಲು ಹೋಗಬೇಕಾದದ್ದು 108 ಸಿಬ್ಬಂದಿಯ ತರಬೇತಿಗೆ, ತಾಲ್ಲೂಕು ಆಸ್ಪತ್ರೆಯಲ್ಲಿ ಬೀಪಿ ಹಿಡಿದು ನಿಲ್ಲಿಸುವ ಕೈಗಳಿಗೆ. ರೋಗಿ ಮನೆಗೆ ಹೋಗಿ ತನ್ನ ಕೆಲಸ ತಾನು ಮಾಡಿಕೊಳ್ಳುವಂತಾಗಲು ಈ ತಂತಿ ನೆರವಾಗುತ್ತದೆಂದು ದೊಡ್ಡ ಅಧ್ಯಯನಗಳು ತೋರಿಸಿಕೊಟ್ಟರೆ, ಆಗ ಅದನ್ನೂ ಕೇಳುವ ಹಕ್ಕು ಜಿಲ್ಲೆಗಿದೆ.