ಗಮಕಕ್ಕೆ ಕೆಂಪು ಗೆರೆ

ನಾದವನ್ನು ಕಣ್ಣಿಗೆ ಕಾಣಿಸಬೇಕೆಂಬ ಹಂಬಲ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರಿಗೆ ಸೊನೊಮೀಟರ್ ಎಂಬ ಉದ್ದನೆಯ ಮರದ ಪೆಟ್ಟಿಗೆಯ ನೆನಪಿರಬಹುದು. ಪೆಟ್ಟಿಗೆಯ ಮೇಲೆ ತಂತಿಯೊಂದನ್ನು ಎಳೆದು, ಅದರ ತುದಿಗೆ ತೂಕದ ಬಟ್ಟುಗಳನ್ನು ತೂಗುಬಿಟ್ಟು, ನಡುವೆ ಮಡಿಚಿದ ಕಾಗದದ ಚೂರೊಂದನ್ನು ಸವಾರನಂತೆ ಕೂರಿಸುತ್ತಿದ್ದೆವು. ಶ್ರುತಿಕವೆಯನ್ನು ಮಿಡಿದು ಪೆಟ್ಟಿಗೆಗೆ ಒತ್ತಿ ಹಿಡಿದು, ತಂತಿಗೆ ಆಧಾರವಾದ ಮರದ ತುಂಡುಗಳನ್ನು ಅತ್ತಿತ್ತ ಸರಿಸುತ್ತ ಹೋದರೆ, ಸರಿಯಾದ ಉದ್ದ ಒದಗಿದ ಗಳಿಗೆಯಲ್ಲಿ ಆ ಸವಾರ ತಟ್ಟನೆ ಹಾರಿ ಬೀಳುತ್ತಿದ್ದ. ಅನುರಣನೆಯ ಬಗ್ಗೆ ನಾನು ಕರಿಹಲಗೆಯ ಮೇಲೆ ಬರೆದದ್ದಕ್ಕಿಂತ ಆ ಕಾಗದದ ಚೂರು ಹೇಳಿಕೊಟ್ಟದ್ದೇ ಹೆಚ್ಚು.

ಸರ್ ಸಿ.ವಿ. ರಾಮನ್ ಅವರೂ ಇಂಥ ಉಪಾಯವನ್ನೇ ಹಿಡಿದವರು. ಬೆಂಗಳೂರಿನ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರಿದ್ದ ಕಾಲದಲ್ಲಿ, 1934ರಲ್ಲಿ, ನಮ್ಮ ಚರ್ಮವಾದ್ಯಗಳನ್ನು ಕುರಿತು ಅವರದೊಂದು ಪ್ರಬಂಧ ಪ್ರಕಟವಾಯಿತು. ಮೃದಂಗದ ಮುಚ್ಚಿಗೆಯ ಮೇಲೆ ನವುರಾದ ಮರಳನ್ನು ಉದುರಿಸಿ ನುಡಿಸಿದರೆ, ಚರ್ಮ ಅಲುಗದೆ ಇರುವ ರೇಖೆಗಳ ಮೇಲೆ ಮರಳು ಸಾಲುಗಟ್ಟಿ ನಿಲ್ಲುತ್ತದೆ. ಆ ಚಿತ್ರಗಳ ನೆರವಿನಿಂದ ಅವರು ತೋರಿಸಿಕೊಟ್ಟದ್ದು ಇದು: ನಡುವಿನ ಕಪ್ಪು ಕರಣೆಯ ದೆಸೆಯಿಂದ ಮುಚ್ಚಿಗೆಯ ಒಂಬತ್ತು ಬಗೆಯ ಕಂಪನಗಳು ಐದೇ ಸುನಾದ ಸ್ವರಗಳಾಗಿ ಹೊಂದಿಕೊಳ್ಳುತ್ತವೆ. ಹಾಗಾಗಿಯೇ ಮೃದಂಗಕ್ಕೆ ಶ್ರುತಿಯುಂಟು, ಸಾಮಾನ್ಯ ಡೋಲಿಗೆ ಇಲ್ಲ. ಮರಳು ತೋರಿಸಿದ ಚಿತ್ರ ಕಿವಿಗೆ ಮೊದಲೇ ಗೊತ್ತಿದ್ದ ಸಂಗತಿಗೆ ಕಾರಣವನ್ನು ಒದಗಿಸಿತು. ಕಿವಿಯನ್ನು ತಿದ್ದಲು ಬರಲಿಲ್ಲ. ಈ ವ್ಯತ್ಯಾಸವನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಈಗ ಮರಳಿನ ಕೆಲಸವನ್ನು ಗಣಕಯಂತ್ರ ಮಾಡುತ್ತಿದೆ. ಇಟಲಿಯ ಇವ್ರೆಯಾದಲ್ಲಿ 2005ರಲ್ಲಿ ಹುಟ್ಟಿದ ಆರ್ಡುಯಿನೊ ಎಂಬ ಅಂಗೈಯಗಲದ ಫಲಕ, ಮಿಲ್ಲರ್ ಪಕೆಟ್ ಅವರು 1990ರ ದಶಕದಲ್ಲಿ ರಚಿಸಿ ಎಲ್ಲರಿಗೂ ಬಿಟ್ಟುಕೊಟ್ಟ ಪ್ಯೂರ್ ಡೇಟಾ ಎಂಬ ತಂತ್ರಾಂಶ, ಒಂದು ಹಳೆಯ ಲ್ಯಾಪ್‌ಟಾಪ್ ಇಷ್ಟಿದ್ದರೆ ಮನೆಯ ಜಗಲಿಯಲ್ಲೇ ಡಿಜಿಟಲ್ ವಾದ್ಯವೊಂದನ್ನು ಕಟ್ಟಬಹುದು. ಅದರ ನಾದವನ್ನು ಗೆರೆಯಾಗಿ ಪರದೆಯ ಮೇಲೆ ಮೂಡಿಸಲೂಬಹುದು. ಇದು ನಮ್ಮ ಸಂಗೀತಕ್ಕೆ ಅಪಚಾರವೆಂದು ಮೂಗು ಮುರಿಯುವವರ ಗುಂಪಿಗೆ ನಾನು ಸೇರಿದವನಲ್ಲ. ಬೆಂಗಳೂರಿನ ಇಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಆ ಬಗೆಯ ಪೆಟ್ಟಿಗೆಯಿಲ್ಲದ ಕಚೇರಿಯನ್ನು ಇಂದು ಹುಡುಕಬೇಕಾಗುತ್ತದೆ. ಅವರು ಡಿಜಿಟಲ್ ವೀಣೆಯನ್ನೂ ಮಾಡಿದರು. ನುಡಿಸಬಲ್ಲವನೇ ಬೆಸುಗೆ ಕಡ್ಡಿ ಹಿಡಿದಾಗ ಇಂಥವು ಹುಟ್ಟುತ್ತವೆ.

ನನ್ನ ವಾದ ಬೇರೆಯದು. ಅಂಗಡಿಯಿಂದ ತಂದ ಡಿಜಿಟಲ್ ವಾದ್ಯದಲ್ಲಿ, ಮೊಬೈಲಿಗೆ ಇಳಿಸಿಕೊಂಡ ಶ್ರುತಿಪರೀಕ್ಷಕ ಆ್ಯಪ್‌ನಲ್ಲಿ, ಸ್ವರವೆಂದರೆ ಯಾವುದು ಎಂಬ ತೀರ್ಮಾನವನ್ನು ಬೇರೊಬ್ಬರು ಮೊದಲೇ ಮಾಡಿಟ್ಟಿರುತ್ತಾರೆ. ಆ ತೀರ್ಮಾನ ಬಹುಮಟ್ಟಿಗೆ ಪಿಯಾನೋದ ಹನ್ನೆರಡು ಮನೆಗಳದು. ಮನೆಯಲ್ಲಿ ಕಟ್ಟಿಕೊಂಡ ಉಪಕರಣದಲ್ಲಿ ಆ ತೀರ್ಮಾನ ನಮ್ಮ ಕೈಯಲ್ಲೇ ಉಳಿಯುತ್ತದೆ. ಆದುದರಿಂದ ನಮ್ಮ ಹುಡುಗರು ಕಟ್ಟಲಿ. ಆದರೆ ಒಳಗನ್ನು ಬಿಚ್ಚಿ ನೋಡಲಾಗದ ಅಳತೆಗೋಲಿಗೆ ಮಕ್ಕಳ ಹಾಡುಗಾರಿಕೆಯನ್ನು ತೂಗುವ ಅಧಿಕಾರ ಕೊಡಬಾರದು.

ಇದು ಹಳೆಯ ಜಗಳವೇ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. 1971ರಲ್ಲಿ ಬಾಗಿಲು ತೆರೆದದ್ದೂ ಅರ್ಧವೇ. ಮನೆಯಿಂದ ಮನೆಗೆ ಜಾರಲಾರದ ವಾದ್ಯದಲ್ಲಿ ಗಮಕ ಬಾರದು ಎಂಬುದು ಅದರ ಮೇಲಿನ ದೊಡ್ಡ ಆಕ್ಷೇಪ. (ನಮ್ಮ ಕಂಪನಿ ನಾಟಕಗಳು ಮಾತ್ರ ಆ ಪೆಟ್ಟಿಗೆಯಿಲ್ಲದೆ ತೆರೆ ಏರಿಸುತ್ತಿರಲಿಲ್ಲ!) ಪಿಟೀಲು ಕೂಡ ಹೊರಗಿನಿಂದ ಬಂದದ್ದೇ. ನಮ್ಮವರು ಅದನ್ನು ನೆಲಕ್ಕೆ ಕೂತು, ಎದೆಗೂ ಪಾದಕ್ಕೂ ಆನಿಸಿ ಹಿಡಿದರು. ಎಡಗೈ ಸಲೀಸಾಗಿ ಮೇಲೆ ಕೆಳಗೆ ಜಾರುವಂತಾದ ಮೇಲೆ ಪಿಟೀಲು ನಮ್ಮದಾಯಿತು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು (1949–2019) ನಾಗಸ್ವರದ ಮನೆತನದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ವರ್ಷಗಟ್ಟಲೆ ಸಾಧನೆ ಮಾಡಿ ಅದರಿಂದ ರಾಗದ ಎಳೆತಗಳನ್ನು ಹೊರಡಿಸಿದರು. ವಾದ್ಯ ಯಾವ ದೇಶದ್ದೆಂಬುದು ಮುಖ್ಯವಾಗಲಿಲ್ಲ. ಅದು ಬಗ್ಗಿತೇ ಎಂಬುದಷ್ಟೇ ಮುಖ್ಯವಾಯಿತು.

ಕೆಲವು ವರ್ಷಗಳ ಕೆಳಗೆ ಶಾಲಾಮಕ್ಕಳ ಸಂಗೀತ ಸ್ಪರ್ಧೆಯೊಂದಕ್ಕೆ ಪ್ರೇಕ್ಷಕನಾಗಿ ಹೋಗಿದ್ದೆ. ಶ್ರುತಿಶುದ್ಧಿಯ ಅಂಕಗಳನ್ನು 'ನಿಷ್ಪಕ್ಷಪಾತವಾಗಿ' ನೀಡುವ ಸಲುವಾಗಿ ವ್ಯವಸ್ಥಾಪಕರು ಆ್ಯಪ್ ಒಂದನ್ನು ತೆರೆದು ಗೋಡೆಯ ಮೇಲೆ ಮೂಡಿಸಿದ್ದರು. ಅಡ್ಡಗೆರೆಗಳು ಹನ್ನೆರಡು, ಹಾಡುವವರ ದನಿ ಗೆರೆಯ ಮೇಲಿದ್ದರೆ ಹಸಿರು, ತಪ್ಪಿದರೆ ಕೆಂಪು. ಸುಮಾರು ಹದಿನಾಲ್ಕರ ಹುಡುಗಿಯೊಬ್ಬಳು ತೋಡಿಯನ್ನು ಎತ್ತಿಕೊಂಡಳು. ತೋಡಿಯ ಗಾಂಧಾರ ಒಂದು ಗೆರೆಯ ಮೇಲೆ ನಿಲ್ಲುವ ಸ್ವರವಲ್ಲ. ಅದು ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ತೂಗಿಕೊಂಡೇ ಇರುತ್ತದೆ. ಆ ತೂಗಾಟವೇ ಗಾಂಧಾರ. ಗೋಡೆಯ ತುಂಬ ಕೆಂಪು ಚೆಲ್ಲಿತು. ಹುಡುಗಿ ಒಮ್ಮೆ ತಿರುಗಿ ನೋಡಿದಳು. ಮುಂದಿನ ಸಾಲಿನಿಂದ ಆಕೆ ಗಾಂಧಾರವನ್ನು ಹಾರ್ಮೋನಿಯಂನ ಮನೆಯಂತೆ ನೆಟ್ಟಗೆ ನಿಲ್ಲಿಸಿ ಹಾಡತೊಡಗಿದಳು. ಗೋಡೆ ಹಸಿರಾಯಿತು. ತೋಡಿ ಹೋಯಿತು. ಆಕೆಗೆ ಪಾಠ ಹೇಳಿದ ವಿದುಷಿಯವರು ನನ್ನ ಪಕ್ಕದಲ್ಲೇ ಇದ್ದರು. "ಎರಡು ವರ್ಷದ ಪಾಠ ಸಾರ್" ಎಂದವರು ಮತ್ತೆ ಮಾತಾಡಲಿಲ್ಲ.

ಪರದೆಯ ಮೇಲೆ ನನಗೆ ಸಿಟ್ಟು ಬಂದದ್ದು ಅಂದು. ಆದರೆ ಅದು ಯಂತ್ರದ ಮೇಲಿನ ಸಿಟ್ಟಲ್ಲ. ಯಂತ್ರ ಏನನ್ನು ಅಳೆಯಬಲ್ಲದು, ಏನನ್ನು ಅಳೆಯಲಾರದು ಎಂದು ವಿಚಾರಿಸದೆ ಅದನ್ನು ನ್ಯಾಯಪೀಠದಲ್ಲಿ ಕೂರಿಸಿದವರ ಮೇಲಿನದು. ಒಂದು ಸಣ್ಣ ಲೆಕ್ಕ ನೋಡಿ. ಗಣಕವು ದನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 44,100 ಬಾರಿ ಅಳೆಯುತ್ತದೆ. ದನಿಯೊಳಗಿನ ಸ್ವರಗಳನ್ನು ಬೇರ್ಪಡಿಸಲು ಅಂಥ 4,096 ಅಳತೆಗಳನ್ನು ಒಟ್ಟಿಗೆ ಗಂಟುಕಟ್ಟಿತೆನ್ನಿ. ಅಷ್ಟು ಅಳತೆ ಸೇರಲು ಸುಮಾರು 93 ಮಿಲಿಸೆಕೆಂಡು ಬೇಕು. ಸೇರಿದ ಮೇಲೂ ಸೆಕೆಂಡಿಗೆ ಸುಮಾರು 11 ಕಂಪನಗಳಿಗಿಂತ ಹತ್ತಿರವಿರುವ ಎರಡು ಸ್ವರಗಳನ್ನು ಅದು ಬಿಡಿಸಿ ಹೇಳಲಾರದು. ಗಂಡು ದನಿಯ ಷಡ್ಜ 139ರಲ್ಲಿದ್ದರೆ ಶುದ್ಧ ರಿಷಭ ಸುಮಾರು 148ರಲ್ಲಿ ಇರುತ್ತದೆ, ಅಂತರ 9. ಅಂದರೆ ಆ ಯಂತ್ರಕ್ಕೆ ಮಾಯಾಮಾಳವಗೌಳದ ಸ ಮತ್ತು ರಿ ಒಂದೇ ಮುದ್ದೆ! ಗಂಟನ್ನು ದೊಡ್ಡದು ಮಾಡಿದರೆ ಸೂಕ್ಷ್ಮತೆ ಹೆಚ್ಚುತ್ತದೆ, ಆದರೆ ಕಾಲ ಜಾರಿಹೋಗುತ್ತದೆ. ಸೆಕೆಂಡಿಗೆ ಎಂಟು ಸ್ವರದಂತೆ ಓಡುವ ಕಲ್ಪನಾಸ್ವರದಲ್ಲಿ ಒಂದೊಂದಕ್ಕೆ ಸಿಗುವುದೇ 125 ಮಿಲಿಸೆಕೆಂಡು. ದನಿಯ ಅಲೆ ತನ್ನನ್ನೇ ಮತ್ತೆ ಹೋಲುವುದು ಎಷ್ಟು ಹೊತ್ತಿಗೆಂದು ನೋಡುವ ಬೇರೊಂದು ವಿಧಾನವಿದೆ. ಅದಕ್ಕೆ ಎರಡು ಆವರ್ತ, ಎಂದರೆ ಸುಮಾರು 15 ಮಿಲಿಸೆಕೆಂಡು, ಸಾಕಾಗುತ್ತದೆ. ಆದರೆ ಅದೇ ಮೈಕಿನೊಳಗೆ ತಂಬೂರಿ, ಪಿಟೀಲು, ಮೃದಂಗಗಳೂ ನುಗ್ಗಿದರೆ ಅದು ತಬ್ಬಿಬ್ಬಾಗುತ್ತದೆ. ಮನೆಯಲ್ಲಿ ಕಟ್ಟಿದವನಿಗೆ ಇದೆಲ್ಲ ಮೊದಲ ವಾರದಲ್ಲೇ ಅರಿವಾಗುತ್ತದೆ. ಕೊಂಡು ತಂದವನಿಗೆ ಹಸಿರು ಕೆಂಪುಗಳಷ್ಟೇ ಕಾಣುತ್ತವೆ.

ಹಾಗೆ ಕಟ್ಟಿದವನೊಬ್ಬನನ್ನು ಹತ್ತಿರದಿಂದ ಬಲ್ಲೆ. ನನ್ನ ಹಳೆಯ ವಿದ್ಯಾರ್ಥಿ. ಈಗ ಪಾಲಿಟೆಕ್ನಿಕ್ ಒಂದರಲ್ಲಿ ಬೋಧಕ. ಬಾಲ್ಯದಲ್ಲಿ ವೀಣೆ ಕಲಿತು ಬಿಟ್ಟವನು. ಹಲಸಿನ ಹಲಗೆಯೊಂದರ ಮೇಲೆ ನೈಕ್ರೋಮ್ ತಂತಿಯನ್ನು ಬಿಗಿದು ಅದರಲ್ಲಿ ಅಲ್ಪ ವಿದ್ಯುತ್ ಹರಿಸಿದ್ದಾನೆ. ಲೋಹದ ತುಂಡೊಂದನ್ನು ಅದರ ಮೇಲೆ ಜಾರಿಸಿದರೆ, ಮುಟ್ಟಿದ ಜಾಗಕ್ಕೆ ತಕ್ಕಂತೆ ವೋಲ್ಟೇಜು ಬದಲಾಗುತ್ತದೆ. ಬಲಗೈ ಮೀಟುವುದು ಪಕ್ಕದ ಇನ್ನೊಂದು ತಂತಿಯನ್ನು. ಮೀಟಿನ ಬಿರುಸನ್ನು ಅಳೆಯುವುದು ಆಟಿಕೆಯ ಬಜ಼ರಿನಿಂದ ಕಿತ್ತ ಪೀಜೊ ಬಿಲ್ಲೆ. ಆರ್ಡುಯಿನೊ ಆ ವೋಲ್ಟೇಜನ್ನು 1024 ಮೆಟ್ಟಿಲುಗಳಲ್ಲಿ ಓದುತ್ತದೆ. ಇಷ್ಟು ಮೆಟ್ಟಿಲು ಧಾರಾಳವಾಯಿತಲ್ಲ ಎಂದೇ ಯಾರಿಗೂ ಅನ್ನಿಸುತ್ತದೆ. ಆದರೆ ತಂತಿಯ ನಿಯಮ ಹಾಗಿಲ್ಲ. ಮೊದಲ ಸ್ಥಾಯಿ ತಂತಿಯ ಅರ್ಧವನ್ನು ನುಂಗುತ್ತದೆ. ಎರಡನೆಯದಕ್ಕೆ ಸಿಗುವುದು ಕಾಲು ಭಾಗ, 256 ಮೆಟ್ಟಿಲು ಮಾತ್ರ. ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ ಅಂತರವನ್ನು ನೂರು ಪಾಲು ಮಾಡಿದರೆ, ಕೆಳಗಿನ ತುದಿಯಲ್ಲಿ ಒಂದು ಮೆಟ್ಟಿಲೆಂದರೆ ಎರಡು ಪಾಲಿಗಿಂತ ಕಡಿಮೆ. ಎರಡನೆಯ ಸ್ಥಾಯಿಯ ಕೊನೆಯಲ್ಲಿ ಸುಮಾರು ಏಳು. ಅಲ್ಲಿ ಜಾರು ಜಾರಾಗಿ ಕೇಳದೆ ಗರಗಸದ ಹಲ್ಲಿನಂತೆ ಕೇಳುತ್ತಿತ್ತು. ಇನ್ನೂ ನಯವಾಗಿ ಅಳೆಯುವ ಬೇರೊಂದು ಚಿಪ್ಪನ್ನು ಹಾಕಿದ ಮೇಲೆ ಗರಗಸ ನಿಂತಿತು. ಅನಂತರದ ತಲೆನೋವು ತಡದ್ದು. ಗಣಕ 512 ಅಳತೆಗಳ ಕಂತಿನಲ್ಲಿ ಧ್ವನಿಯನ್ನು ಹೊರಬಿಟ್ಟರೆ ಮೀಟಿದ್ದು ಕೇಳುವಷ್ಟರಲ್ಲಿ 11.6 ಮಿಲಿಸೆಕೆಂಡು ಕಳೆದಿರುತ್ತದೆ. ನುಡಿಸುವವನ ವಾದ್ಯ ಅವನಿಂದ ನಾಲ್ಕು ಮೀಟರ್ ಆಚೆ ಇದ್ದಂತೆ. ಒಬ್ಬನೇ ನುಡಿಸುವಾಗ ಸಹಿಸಬಹುದು. ಪಕ್ಕದಲ್ಲಿ ಮೃದಂಗ ಇದ್ದರೆ ತನಿಯ ಹೊತ್ತಿಗೆ ಜಗಳವೇ ಸರಿ. ಕಂತನ್ನು 128ಕ್ಕೆ ಇಳಿಸಿ ಆತ ಸಂಧಾನ ಮಾಡಿಕೊಂಡಿದ್ದಾನೆ.

ಆ ವಿದುಷಿಯವರನ್ನು ಒಮ್ಮೆ ಅವನ ಮನೆಗೆ ಕರೆದೊಯ್ದೆ. ಕಣ್ಣು ಮುಚ್ಚಿ ಕೇಳಿದರು. "ನೀನು ವೀಣೆ ಮಾಡಿಲ್ಲಪ್ಪಾ, ಗೋಟುವಾದ್ಯ ಮಾಡಿದೀಯ" ಎಂದರು. ಮಾತು ನಿಜ. ವೀಣೆಯಲ್ಲಿ ಗಮಕ ಹುಟ್ಟುವುದು ಮೆಟ್ಟಿಲ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದಾಗ. ಜಾಗವನ್ನಷ್ಟೇ ಅಳೆಯುವ ಯಂತ್ರಕ್ಕೆ ಆ ಎಳೆತ ಕಾಣದು.

ಅದೇ ಭೇಟಿಯಲ್ಲಿ ಅವರು ಸ್ಪರ್ಧೆಯ ಕಥೆಯನ್ನು ಹೇಳಿದರು. ಒಂದೆರಡು ತಿಂಗಳಲ್ಲಿ ಆತ ಬೇರೊಂದು ಪರದೆಯನ್ನು ಸಿದ್ಧಪಡಿಸಿದ. ಅದರಲ್ಲಿ ಹನ್ನೆರಡು ಗೆರೆಗಳಿಲ್ಲ. ತಂಬೂರಿಯ ಸ ಮತ್ತು ಪ ಮಾತ್ರ ತೆಳುವಾಗಿ ಕಾಣುತ್ತವೆ. ದನಿ ಬರೆದ ಗೆರೆ ಅವುಗಳ ನಡುವೆ ಬಳ್ಳಿಯಂತೆ ಹರಿಯುತ್ತದೆ. ಕೆಂಪೂ ಇಲ್ಲ, ಹಸಿರೂ ಇಲ್ಲ, ಅಂಕವೂ ಇಲ್ಲ. ಗುರುಗಳು ಹಾಡಿದ ಬಳ್ಳಿಯನ್ನೂ ಶಿಷ್ಯೆಯ ಬಳ್ಳಿಯನ್ನೂ ಒಂದರ ಕೆಳಗೊಂದು ಇಡಬಹುದು. ಆ ಹುಡುಗಿಯ ತೋಡಿಯನ್ನು ಹೀಗಿಟ್ಟು ನೋಡಿದಾಗ, ಆಕೆಯ ಗಾಂಧಾರ ಮೇಲಕ್ಕೆ ಸರಿಯಾಗಿಯೇ ತಲುಪುತ್ತಿತ್ತು, ಕೆಳಗೆ ಇಳಿಯುವಾಗ ಮಾತ್ರ ಅವಸರಪಡುತ್ತಿತ್ತು. ವಿದುಷಿಯವರು ಇದನ್ನೇ "ತೂಕ ಸಾಲದು" ಎಂದು ಹೇಳುತ್ತ ಬಂದಿದ್ದರಂತೆ. ಆ ಮಾತಿನ ಅರ್ಥ ಹುಡುಗಿಗೆ ಅಂದು ತಿಳಿಯಿತು.

ಇಲ್ಲಿಯೂ ನನ್ನದೊಂದು ಹಟವಿದೆ. ಹಾಡುವಾಗ ಪರದೆ ಮುಚ್ಚಿರಬೇಕು. ಹಾಡಿ ಮುಗಿಸಿದ ಮೇಲೆ ನೋಡಬೇಕು. ನೋಡುತ್ತ ಹಾಡಿದರೆ ಕಣ್ಣು ಗೆರೆಯನ್ನು ಅಟ್ಟಿಸಿಕೊಂಡು ಹೋಗುತ್ತದೆ, ಕಿವಿ ಕೆಲಸ ಬಿಡುತ್ತದೆ. ಕಿವಿ ಕೇಳದ ಮಕ್ಕಳ ಮಾತು ಬೇರೆ: ಅವರಿಗೆ ತಾಳವನ್ನು ಬೆಳಕಾಗಿ, ಅಂಗೈಗೆ ತಾಕುವ ಕಂಪನವಾಗಿ ಕೊಡುವ ಉಪಕರಣವನ್ನು ಯಾರಾದರೂ ಕಟ್ಟಿದರೆ ಅದು ಎಷ್ಟು ಹೊತ್ತು ಬೇಕಾದರೂ ಉರಿಯಲಿ.

ಕಚೇರಿಯ ವೇದಿಕೆಯ ಹಿಂದೆ ಕುಣಿಯುವ ಬಣ್ಣದ ಪರದೆಗಳ ವಿಚಾರದಲ್ಲಿ ನನಗೆ ಹೆಚ್ಚು ಹೇಳುವುದಿಲ್ಲ. ಅವುಗಳಲ್ಲಿ ಬಹುಪಾಲು ಅಳೆಯುವುದು ದನಿಯ ಏರಿಳಿತವನ್ನಷ್ಟೇ. ಕಲ್ಯಾಣಿಗೂ ಮಿಕ್ಸಿಯ ಸದ್ದಿಗೂ ಅವು ಒಂದೇ ರೀತಿ ಕುಣಿಯುತ್ತವೆ. ಯುವಜನರನ್ನು ಸೆಳೆಯಲು ಬೇಕು ಎನ್ನುತ್ತಾರೆ. ಸೆಳೆಯಲಿ, ಮದುವೆ ಮನೆಯ ಸೀರಿಯಲ್ ದೀಪಗಳೂ ಸೆಳೆಯುತ್ತವೆ.

ನನ್ನ ಆಸೆಯೆಲ್ಲ ಶಾಲೆಗಳ ಮೇಲೆ. 2016ರಿಂದ ಈಚೆಗೆ ಎಷ್ಟೋ ಶಾಲೆಗಳಿಗೆ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಬಂದಿವೆ. ಕಪ್ಪು ಗೆರೆಯನ್ನು ಹಿಂಬಾಲಿಸುವ ಪುಟಾಣಿ ಗಾಡಿಯನ್ನು ಮಾಡಿಸುವ ಬದಲು ಒಮ್ಮೆ ಶ್ರುತಿಪೆಟ್ಟಿಗೆಯನ್ನು ಮಾಡಿಸಿ ನೋಡಬಾರದೇ? ಷಡ್ಜದ ಒಂದೂವರೆ ಪಟ್ಟು ಪಂಚಮ ಎಂಬುದು ಮಗುವಿಗೆ ಭಿನ್ನರಾಶಿಯ ಪಾಠವೂ ಹೌದು, ಕಿವಿಯ ಪಾಠವೂ ಹೌದು. ಬೀರುವಿನಲ್ಲಿ ಧೂಳು ಹಿಡಿದಿರುವ ಸೊನೊಮೀಟರನ್ನೂ ಪಕ್ಕದಲ್ಲಿಟ್ಟು, ಯಂತ್ರದ ಪಂಚಮಕ್ಕೆ ಕಾಗದದ ಸವಾರ ಹಾರುವನೋ ಎಂದು ಪರೀಕ್ಷಿಸಲಿ. ಸಂಗೀತದ ಮೇಡಂ, ವಿಜ್ಞಾನದ ಮೇಷ್ಟ್ರು ಒಂದೇ ಕೊಠಡಿಯಲ್ಲಿ ಕೂರಲು ಇದಕ್ಕಿಂತ ಒಳ್ಳೆಯ ನೆಪ ನನಗೆ ತೋಚದು.

ನನ್ನ ವಿದ್ಯಾರ್ಥಿ ಸದ್ಯ ವೀಣೆಯ ಎಳೆತದ ಬೆನ್ನು ಹತ್ತಿದ್ದಾನೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯೊಂದನ್ನು ಬಿಚ್ಚಿ, ತೂಕವನ್ನು ಅರಿಯುವ ಅದರ ಲೋಹದ ಪಟ್ಟಿಯನ್ನು ತಂತಿಯ ತುದಿಗೆ ಕಟ್ಟಿದ್ದಾನೆ. ತಂತಿಯನ್ನು ಅಡ್ಡಕ್ಕೆ ಎಳೆದಾಗ ಬಿಗಿ ಎಷ್ಟು ಹೆಚ್ಚಿತೆಂದು ಅದು ಹೇಳುತ್ತದೆ. ಅದನ್ನು ಓದಲು ತಂದ ಚಿಪ್ಪು ಸೆಕೆಂಡಿಗೆ ಹತ್ತು ಸಲ ಮಾತ್ರ ಉತ್ತರ ಕೊಡುತ್ತಿತ್ತು. "ಅಕ್ಕಿ ತೂಗೋಕೆ ಹತ್ತು ಸಾಕು ಸಾರ್, ಗಮಕಕ್ಕೆ ಸಾಲಲ್ಲ" ಎಂದು ಮೊನ್ನೆ ಫೋನಿನಲ್ಲಿ ಹೇಳಿದ. ಅದರ ಒಂದು ಕಾಲಿನ ಜೋಡಣೆಯನ್ನು ಬದಲಿಸಿದರೆ ಎಂಬತ್ತು ಸಲ ಓದುತ್ತದಂತೆ. ಭಾನುವಾರ ಬನ್ನಿ ಎಂದಿದ್ದಾನೆ; ವಿದುಷಿಯವರಿಗೂ ಹೇಳಿದ್ದೇನೆ.