ಬ್ರಿಟನ್ ರೈಲು: ಹೊಣೆ ಮಾತ್ರ ಕೈ ಬದಲಿಸಲಿಲ್ಲ

ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಹೊರಡುವ ಸೌತ್ ವೆಸ್ಟರ್ನ್ ರೈಲುಗಳು 2025ರ ಮೇ 25ರಂದು ಸರಕಾರದ ವಶಕ್ಕೆ ಮರಳಿದವು. 1996ರ ಫೆಬ್ರವರಿಯಲ್ಲಿ ಮೊದಲಿಗೆ ಖಾಸಗಿಯವರ ಕೈಸೇರಿದ ಸೇವೆಗಳಲ್ಲಿ ಈ ಮಾರ್ಗವೂ ಒಂದಾಗಿತ್ತು. 2025ರ ಜುಲೈನಲ್ಲಿ ಸಿ2ಸಿ, ಅಕ್ಟೋಬರಿನಲ್ಲಿ ಗ್ರೇಟರ್ ಆಂಗ್ಲಿಯಾ ಅದೇ ಹಾದಿ ಹಿಡಿದವು. ಲೇಬರ್ ಸರಕಾರ 2024ರ ನವೆಂಬರಿನಲ್ಲಿ ಜಾರಿಗೆ ತಂದ ಕಾಯಿದೆಯೇ ಇದಕ್ಕೆ ಆಧಾರ. ಎಡಪಂಥೀಯರು ಇದನ್ನು ಸಿದ್ಧಾಂತದ ವಿಜಯವೆಂದು ಬಣ್ಣಿಸಿದರೆ, ವಿರೋಧಿಗಳು ಹಿಮ್ಮುಖ ನಡೆಯೆಂದು ಹಳಿಯುತ್ತಾರೆ. ಆದರೆ ಮೂರು ದಶಕಗಳ ಚರಿತ್ರೆಯನ್ನು ನೋಡಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಖಾಸಗಿಯವರಿಗೆ ದಾಟಿಸಿದೆವೆಂದು ಸರಕಾರಗಳು ನಂಬಿದ್ದ ನಷ್ಟದ ಹೊಣೆ, ನಿಜದಲ್ಲಿ ಬೊಕ್ಕಸದ ಹೆಗಲಿನಿಂದ ಇಳಿದೇ ಇರಲಿಲ್ಲ.

ಹಳಿ, ಬೋಗಿ, ಚಾಲಕ, ಟಿಕೆಟ್ ಎಲ್ಲವೂ ಒಂದೇ ಇಲಾಖೆಗೆ ಸೇರಿದ ವ್ಯವಸ್ಥೆಯನ್ನು ಕಂಡವರಿಗೆ ಬ್ರಿಟನ್ನಿನ ಏರ್ಪಾಡು ತುಸು ವಿಚಿತ್ರವೆನಿಸಬಹುದು. ಜಾನ್ ಮೇಜರ್ ಸರಕಾರದ 1993ರ ಕಾಯಿದೆಯು ಬ್ರಿಟಿಷ್ ರೈಲನ್ನು ಹೋಳುಹೋಳು ಮಾಡಿತು. ಹಳಿಗಳು ರೈಲ್‌ಟ್ರ್ಯಾಕ್ ಎಂಬ ಕಂಪನಿಗೆ ಸೇರಿದವು. ಬೋಗಿಗಳನ್ನು ಮೂರು ಬಾಡಿಗೆ ಕಂಪನಿಗಳಿಗೆ ಮಾರಲಾಯಿತು. ಪ್ರಯಾಣಿಕ ಸೇವೆಯನ್ನು 25 ಭಾಗ ಮಾಡಿ, ನಿಗದಿತ ಅವಧಿಗೆ ಗುತ್ತಿಗೆ ನೀಡಲಾಯಿತು. ಅತಿ ಕಡಿಮೆ ಸಹಾಯಧನ ಬೇಡುವವರಿಗೆ ಅಥವಾ ಸರಕಾರಕ್ಕೆ ಅತಿ ಹೆಚ್ಚು ಹಣ ಕೊಡುವೆವೆಂದು ಮಾತು ಕೊಡುವವರಿಗೆ ಟೆಂಡರಿನಲ್ಲಿ ಮೇಲುಗೈ. ಗುತ್ತಿಗೆ ಕೈ ಬದಲಿಸಿದಾಗ ಚಾಲಕರೂ ಸಿಬ್ಬಂದಿಯೂ ಹೊಸ ಕಂಪನಿಗೆ ವರ್ಗವಾಗುತ್ತಿದ್ದರು, ಬೋಗಿಗಳ ಬಾಡಿಗೆ ಕರಾರು ಮುಂದುವರಿಯುತ್ತಿತ್ತು. ಪ್ರಯಾಣಿಕನ ಕಣ್ಣಿಗೆ ಬೀಳುತ್ತಿದ್ದದ್ದು ಹೊಸ ಬಣ್ಣ ಮತ್ತು ಹೊಸ ಸಮವಸ್ತ್ರ, ಅಷ್ಟೇ.

ಸ್ವಂತ ಆಸ್ತಿಯೇ ಇಲ್ಲದ ಗುತ್ತಿಗೆದಾರ ಮಾತಿಗೆ ತಪ್ಪಿದರೆ ಏನಾಗುತ್ತದೆ? ಲಂಡನ್ನಿನಿಂದ ಎಡಿನ್‌ಬರೋಗೆ ಹೋಗುವ ಪೂರ್ವ ಕರಾವಳಿ ಮಾರ್ಗ ಈ ಪ್ರಶ್ನೆಗೆ ಮೂರು ಬಾರಿ ಉತ್ತರ ಕೊಟ್ಟಿದೆ. 2005ರಲ್ಲಿ ಜಿಎನ್‌ಇಆರ್ ಕಂಪನಿ ಹತ್ತು ವರ್ಷಗಳಲ್ಲಿ 130 ಕೋಟಿ ಪೌಂಡ್ ಕೊಡುವುದಾಗಿ ಹೇಳಿ ಗುತ್ತಿಗೆಯನ್ನು ಉಳಿಸಿಕೊಂಡಿತು. ಮರುವರ್ಷವೇ ಅದರ ಮಾತೃಸಂಸ್ಥೆ ಸೀ ಕಂಟೇನರ್ಸ್ ಅಮೆರಿಕದಲ್ಲಿ ದಿವಾಳಿ ರಕ್ಷಣೆಗೆ ಮೊರೆಹೋಯಿತು. 2007ರ ಡಿಸೆಂಬರಿನಲ್ಲಿ ಅದರ ಜಾಗಕ್ಕೆ ಬಂದ ನ್ಯಾಷನಲ್ ಎಕ್ಸ್‌ಪ್ರೆಸ್ ಇನ್ನೂ ಮುಂದೆ ಹೋಗಿ 140 ಕೋಟಿ ಪೌಂಡಿನ ಆಸೆ ತೋರಿಸಿತು. ಆರ್ಥಿಕ ಹಿಂಜರಿತ ಅಪ್ಪಳಿಸಿದ್ದೇ ತಡ, ಲೆಕ್ಕಾಚಾರ ತಲೆಕೆಳಗಾಯಿತು. 2009ರ ನವೆಂಬರಿನಲ್ಲಿ ಸರಕಾರವೇ ಗಾಡಿ ಓಡಿಸಬೇಕಾಗಿ ಬಂತು.

ಮುಂದಿನ ಐದು ವರ್ಷಗಳಲ್ಲಿ ಆ ಸರಕಾರಿ ಕಂಪನಿ ಸುಮಾರು 100 ಕೋಟಿ ಪೌಂಡನ್ನು ಬೊಕ್ಕಸಕ್ಕೆ ಸಂದಾಯ ಮಾಡಿತು. ಆದರೂ 2015ರ ಮಾರ್ಚಿನಲ್ಲಿ ಮಾರ್ಗವನ್ನು ಮತ್ತೆ ಖಾಸಗಿಗೆ ಒಪ್ಪಿಸಲಾಯಿತು. ಹೆಸರು ವರ್ಜಿನ್ ಟ್ರೇನ್ಸ್ ಈಸ್ಟ್ ಕೋಸ್ಟ್, ಶೇಕಡಾ 90ರಷ್ಟು ಪಾಲು ಸ್ಟೇಜ್‌ಕೋಚ್‌ನದು. ಈ ಬಾರಿಯ ವಾಗ್ದಾನ 330 ಕೋಟಿ ಪೌಂಡ್! ಎರಡು ಬಾರಿ ಕೈಸುಟ್ಟುಕೊಂಡಿದ್ದ ಸರಕಾರ ಈ ಅಂಕಿಯನ್ನು ಹೇಗೆ ನಂಬಿತು ಎಂಬುದೇ ಸೋಜಿಗ. ಪ್ರಯಾಣಿಕರ ಸಂಖ್ಯೆ ಎಣಿಸಿದಂತೆ ಏರಲಿಲ್ಲ. 2018ರ ಜೂನ್ 24ರಂದು ಮಾರ್ಗ ಎಲ್‌ಎನ್‌ಇಆರ್ ಎಂಬ ಹೊಸ ಹೆಸರಿನಲ್ಲಿ ಮತ್ತೆ ಸರಕಾರಕ್ಕೆ ಬಂತು. ಸ್ಟೇಜ್‌ಕೋಚ್ ಸುಮಾರು 20 ಕೋಟಿ ಪೌಂಡ್ ಕಳೆದುಕೊಂಡಿತು ಎಂಬುದು ನಿಜ. ಆದರೆ ವಾಗ್ದಾನದ ಉಳಿದ ಹಣ ಬೊಕ್ಕಸಕ್ಕೆ ಬರಲೇ ಇಲ್ಲ.

ಇದನ್ನು ಕೇವಲ ಕಂಪನಿಗಳ ದುರಾಸೆ ಎಂದು ತಳ್ಳಿಹಾಕಿದರೆ ದೋಷದ ಮೂಲ ಕೈಗೆ ಸಿಗದು. ಇಂಥ ಟೆಂಡರುಗಳಲ್ಲಿ ಕೊಡಬೇಕಾದ ಹಣದ ದೊಡ್ಡ ಪಾಲು ಗುತ್ತಿಗೆಯ ಕೊನೆಯ ವರ್ಷಗಳಿಗೆ ಬೀಳುತ್ತಿತ್ತು. ಎಚ್ಚರಿಕೆಯಿಂದ ಲೆಕ್ಕ ಹಾಕಿದವನು ಟೆಂಡರಿನಲ್ಲೇ ಸೋಲುತ್ತಿದ್ದ, ಉತ್ಪ್ರೇಕ್ಷೆ ಮಾಡಿದವನು ಗೆಲ್ಲುತ್ತಿದ್ದ. ಸೋತರೆ ಕಳೆದುಕೊಳ್ಳುವುದಕ್ಕೆ ಒಂದು ಮಿತಿ ಇತ್ತು. ಇತ್ತ ಸರಕಾರಕ್ಕೆ ಬೆಳಗಿನ ಗಾಡಿಯನ್ನು ನಿಲ್ಲಿಸುವ ಆಯ್ಕೆಯೇ ಇರಲಿಲ್ಲ. ಕಚೇರಿಗೆ ಹೊರಟವರು ಗುತ್ತಿಗೆಯ ಜಗಳ ಮುಗಿಯಲೆಂದು ಪ್ಲಾಟ್‌ಫಾರ್ಮಿನಲ್ಲಿ ಕಾದು ನಿಲ್ಲುವವರಲ್ಲ. ಹರಾಜು ನಡೆಸುವ ಇಲಾಖೆಯ ಸಾಮರ್ಥ್ಯವೂ ಅಷ್ಟಕ್ಕಷ್ಟೇ. 2012ರಲ್ಲಿ ಪಶ್ಚಿಮ ಕರಾವಳಿ ಮಾರ್ಗವನ್ನು ಫಸ್ಟ್‌ಗ್ರೂಪ್‌ಗೆ ಘೋಷಿಸಿ, ವರ್ಜಿನ್ ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ ತನ್ನದೇ ಲೆಕ್ಕ ತಪ್ಪೆಂದು ಒಪ್ಪಿ ಟೆಂಡರನ್ನೇ ರದ್ದುಪಡಿಸಿದ ಪ್ರಸಂಗ ಇದಕ್ಕೆ ಸಾಕ್ಷಿ.

ಖಾಸಗೀಕರಣದಿಂದ ಏನೂ ಆಗಲಿಲ್ಲವೆನ್ನುವುದು ಅನ್ಯಾಯವಾದೀತು. 1990ರ ದಶಕದ ನಡುಭಾಗದಿಂದ 2019ರ ವೇಳೆಗೆ ಪ್ರಯಾಣಗಳ ಸಂಖ್ಯೆ ದುಪ್ಪಟ್ಟಿಗೂ ಹೆಚ್ಚಾಯಿತು. ಇದರಲ್ಲಿ ಕಂಪನಿಗಳ ಪಾಲೆಷ್ಟು, ಲಂಡನ್ ಸುತ್ತಲಿನ ಉದ್ಯೋಗ ವೃದ್ಧಿಯ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಇನ್ನೊಂದು ತಮಾಷೆಯೆಂದರೆ, ಈ 'ಖಾಸಗಿ' ಗುತ್ತಿಗೆಗಳಲ್ಲಿ ಹಲವು ಜರ್ಮನಿ, ಫ್ರಾನ್ಸ್, ನೆದರ್‌ಲೆಂಡ್ಸ್, ಇಟಲಿಯ ಸರಕಾರಿ ರೈಲು ಸಂಸ್ಥೆಗಳ ಅಂಗಕಂಪನಿಗಳ ಪಾಲಾಗಿದ್ದವು.

ಈ ಪದ್ಧತಿಗೆ ಕೊನೆಯ ಏಟು ಕೊಟ್ಟದ್ದು ಕೊರೋನಾ. 2020ರ ಮಾರ್ಚಿನಲ್ಲಿ ಟಿಕೆಟ್ ಆದಾಯ ಕುಸಿದಾಗ ನಷ್ಟವನ್ನೆಲ್ಲ ಸರಕಾರವೇ ಹೊತ್ತುಕೊಂಡಿತು. ಅದೇ ಸೆಪ್ಟೆಂಬರಿನಲ್ಲಿ ಹಳೆಯ ಗುತ್ತಿಗೆ ಪದ್ಧತಿಯ ಅಂತ್ಯವನ್ನು ಘೋಷಿಸಿದ್ದು ಅದನ್ನು ಹುಟ್ಟುಹಾಕಿದ್ದ ಕನ್ಸರ್ವೇಟಿವ್ ಪಕ್ಷವೇ. ಹಾಗಾಗಿ ಲೇಬರ್ ಸರಕಾರಕ್ಕೆ ಉಳಿದಿದ್ದ ಕೆಲಸ ಸಲೀಸಾಗಿತ್ತು. ಗುತ್ತಿಗೆಯ ಅವಧಿ ಮುಗಿಯುವವರೆಗೆ ಕಾದರೆ ಪರಿಹಾರ ಕೊಡಬೇಕಿಲ್ಲ, ಕೊಂಡುಕೊಳ್ಳಲು ಆಸ್ತಿಯೂ ಇಲ್ಲ.

ಆದರೆ ನಿಜವಾದ ಆಸ್ತಿಯಾದ ಬೋಗಿಗಳ ಒಡೆತನವನ್ನು 2024ರ ಕಾಯಿದೆ ಮುಟ್ಟಿಲ್ಲ. 1996ರಲ್ಲಿ ಮಾರಾಟವಾದ ಬಾಡಿಗೆ ಕಂಪನಿಗಳಲ್ಲೊಂದಾದ ಪೋರ್ಟರ್‌ಬ್ರೂಕನ್ನು ಅದೇ ವರ್ಷ ಸ್ಟೇಜ್‌ಕೋಚ್ ಸುಮಾರು 82 ಕೋಟಿ ಪೌಂಡಿಗೆ ಕೊಂಡಿತ್ತು. ಸರಕಾರ ಅದನ್ನು ಮಾರಿದ್ದ ಬೆಲೆಗಿಂತ ಇದು ಬಹಳ ಹೆಚ್ಚು. ಗಾಡಿ ಓಡಿಸುವವರು ಬದಲಾದರೂ ಆ ಬಾಡಿಗೆಯ ವ್ಯವಹಾರ ಇಂದಿಗೂ ಖಾಸಗಿಯವರ ಕೈಯಲ್ಲೇ ಇದೆ. ಸೌತ್ ವೆಸ್ಟರ್ನ್ ರೈಲುಗಳನ್ನು ಈಗ ಸರಕಾರ ಓಡಿಸುತ್ತಿದ್ದರೂ ಅವುಗಳ ಬಾಡಿಗೆಯನ್ನು ಎಂದಿನಂತೆ ಕಟ್ಟಲೇಬೇಕು.